ಚೆಸ್ ಪುಸ್ತಕ: ಯಾವುದು ತಗೊಳ್ಳಬೇಕು, ಹೇಗೆ ಓದಬೇಕು?

ಹಾಸನದಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ನನಗೆ ಬರುವ ಪ್ರಶ್ನೆ ಒಂದೇ. ‘ಮಗನಿಗೆ ಚೆಸ್ ಹುಚ್ಚು ಹಿಡಿದಿದೆ, ಯಾವ ಪುಸ್ತಕ ಕೊಡಿಸಲಿ?’ 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲಂತೂ ಚಿಕ್ಕಮಗಳೂರು, ಮೂಡಿಗೆರೆ ಕಡೆಯವರೂ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಎಲ್ಲ ಇಲ್ಲೇ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚೆಸ್ ಪುಸ್ತಕ ಕೊಂಡವರು ತುಂಬ ಜನ, ಮುಗಿಸಿದವರು ತೀರ ಕಡಿಮೆ. ಬಹಳ ಸಲ ತಪ್ಪು ಪುಸ್ತಕದ್ದಲ್ಲ. ಕಾದಂಬರಿ ಓದಿದ ಹಾಗೆ ಮಂಚದ ಮೇಲೆ ಒರಗಿಕೊಂಡು ಓದಲು ಹೋಗುತ್ತೇವೆ, ಹತ್ತನೇ ಪುಟಕ್ಕೆ ನಿದ್ದೆ ಬರುತ್ತದೆ.

ಮೊದಲು ಇಷ್ಟು ಹೊಂದಿಸಿಕೊಳ್ಳಿ

ಒಂದು ಬೋರ್ಡು. ಅಂಚಿನಲ್ಲಿ ಅಕ್ಷರ, ಅಂಕಿ ಅಚ್ಚಾಗಿರಲೇಬೇಕು. ಸುರುಳಿ ಸುತ್ತುವ ಪ್ಲಾಸ್ಟಿಕ್ ಬೋರ್ಡು ಧಾರಾಳ ಸಾಕು. ಒಂದೊಂದು ಮನೆ 5ರಿಂದ 6 ಸೆಂಟಿಮೀಟರ್ ಇದ್ದರೆ ಟೂರ್ನಮೆಂಟ್ ಅಳತೆಯೇ ಆಯಿತು. ಅಯಸ್ಕಾಂತದ ಪುಟ್ಟ ಸೆಟ್ಟು ಬಸ್ಸಿಗೆ ಸರಿ, ಓದಲು ಕಣ್ಣು ನೋಯುತ್ತದೆ.

ಒಂದು 200 ಪುಟದ ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಹಳೆಯ ಮದುವೆ ಕಾಗದ. ಮದುವೆ ಕಾಗದ ಯಾತಕ್ಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ, ದಪ್ಪ ಇದ್ದಷ್ಟೂ ಒಳ್ಳೆಯದು. ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ.

ಕಾಯಿಗಳ ಹೆಸರು ಮನೆಗೊಂದು ಥರ ಇರುವುದರಿಂದ ಇಲ್ಲಿ ನಾನು ಬಳಸುವುದನ್ನು ಹೇಳಿಬಿಡುತ್ತೇನೆ: ರಾಜ, ಮಂತ್ರಿ (ಇದನ್ನೇ ಕೆಲವರು ರಾಣಿ ಅನ್ನುತ್ತಾರೆ), ಆನೆ, ಒಂಟೆ, ಕುದುರೆ, ಕಾಲಾಳು. ಆನೆ ಅಂದರೆ ನೇರ ಹೋಗುವುದು, ಒಂಟೆ ಅಂದರೆ ಓರೆ ಹೋಗುವುದು.

1. ಯಾವ ಥರದ ಪುಸ್ತಕ ಬೇಕು, ನಿರ್ಧರಿಸಿ

‘ಚೆಸ್ ಪುಸ್ತಕ’ ಅಂತ ಒಂದೇ ಜಾತಿ ಇಲ್ಲ. ಆಟ ಸುಧಾರಿಸುವ ಪುಸ್ತಕ ಬೇರೆ, ಆಟಗಾರರ ಬದುಕಿನದು ಬೇರೆ, ಚರಿತ್ರೆ ಬೇರೆ, ಚೆಸ್ ಇಟ್ಟುಕೊಂಡು ಬರೆದ ಕಥೆ ಬೇರೆ. ಮೊದಲನೆಯದಕ್ಕೆ ಬೋರ್ಡು ಬೇಕೇ ಬೇಕು. ಉಳಿದವನ್ನು ಮಂಚದ ಮೇಲೆ ಓದಿ, ನನ್ನ ಅಡ್ಡಿಯಿಲ್ಲ.

ಅಪ್ಪ ಅಮ್ಮಂದಿರು ಎಡವುವುದು ಇಲ್ಲೇ. ಮಗು ಕೇಳುವುದು ಆಟ ಕಲಿಸುವ ಪುಸ್ತಕ, ಇವರು ತರುವುದು ಚಾಂಪಿಯನ್ ಒಬ್ಬರ ಜೀವನಚರಿತ್ರೆ. ವಿಶ್ವನಾಥನ್ ಆನಂದ್ ಅವರ ‘ಮೈಂಡ್ ಮಾಸ್ಟರ್’ (2019) ಒಳ್ಳೆಯ ಪುಸ್ತಕ. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು ಗೆದ್ದದ್ದು, ಸೋತದ್ದು ಎರಡನ್ನೂ ಬಿಚ್ಚಿಟ್ಟಿದ್ದಾರೆ. ಆದರೆ ಎಂಟು ವರ್ಷದ ಮಗುವಿಗೆ ಅದರಿಂದ ಕುದುರೆ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಅದನ್ನು ನೀವು ಓದಿ.

2. ನಡೆ ಬರೆಯುವ ಲಿಪಿ ಕಲಿಯಿರಿ

ಇದಕ್ಕೆ ನೊಟೇಶನ್ ಅನ್ನುತ್ತಾರೆ. ಒಂದು ಸಂಜೆಯ ಕೆಲಸ. ಇದನ್ನು ಹಾರಿಸಿ ಮುಂದೆ ಹೋದರೆ ಪುಸ್ತಕ ಕಪಾಟು ಸೇರುತ್ತದೆ.

ಬೋರ್ಡು ಇಡುವಾಗ ನಿಮ್ಮ ಬಲಗೈ ಮೂಲೆಯಲ್ಲಿ ಬಿಳಿ ಮನೆ ಬರಬೇಕು. ಬಿಳಿಯವರ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಬಿಳಿಯವರ ಕಡೆಯಿಂದ ಮೇಲಕ್ಕೆ 1ರಿಂದ 8. ಪ್ರತಿ ಮನೆಗೂ ಮನೆ ನಂಬರ್ ಸಿಕ್ಕಿತಲ್ಲ, ಅಷ್ಟೇ. ರಾಜನ ಮುಂದಿನ ಕಾಲಾಳು ಎರಡು ಮನೆ ಹೋದರೆ ಇ4. ಕಾಲಾಳಿಗೆ ಅಕ್ಷರ ಇಲ್ಲ, ಮನೆ ನಂಬರ್ ಮಾತ್ರ. ಉಳಿದ ಕಾಯಿಗೆ ಇಂಗ್ಲಿಷ್ ಹೆಸರಿನ ಮೊದಲಕ್ಷರ: ರಾಜನಿಗೆ ಕೆ, ಮಂತ್ರಿಗೆ ಕ್ಯೂ, ಆನೆಗೆ ಆರ್, ಒಂಟೆಗೆ ಬಿ. ಕುದುರೆಗೆ (ಇಂಗ್ಲಿಷಿನಲ್ಲಿ Knight, ನೈಟ್) ಮಾತ್ರ ಎನ್, ಯಾಕೆಂದರೆ ಕೆ ಆಗಲೇ ರಾಜನ ಪಾಲಾಗಿದೆ.

× ಅಂದರೆ ಕಾಯಿ ಹೊಡೆದದ್ದು. ಹೊಡೆದದ್ದು ಕಾಲಾಳಾದರೆ ಅದು ಹೊರಟ ಸಾಲಿನ ಅಕ್ಷರ ಮೊದಲು ಬರುತ್ತದೆ, ಡಿ×ಇ5 ಎಂಬ ಹಾಗೆ. + ಅಂದರೆ ಚೆಕ್. # ಅಂದರೆ ಆಟ ಮುಗಿಯಿತು, ಚೆಕ್‌ಮೇಟ್. 0-0 ಅಂದರೆ ರಾಜನ ಕಡೆ ಕ್ಯಾಸ್ಲಿಂಗ್, ಅಂದರೆ ರಾಜನೂ ಆನೆಯೂ ಒಂದೇ ನಡೆಯಲ್ಲಿ ಸರಿಯುವುದು. ಮಂತ್ರಿಯ ಕಡೆಯಾದರೆ 0-0-0. ನಡೆಯ ಪಕ್ಕ ! ಇದ್ದರೆ ಭೇಷ್, ? ಇದ್ದರೆ ತಪ್ಪು, ಎರಡೆರಡಿದ್ದರೆ ಅದರ ದುಪ್ಪಟ್ಟು. !? ಅಂದರೆ ಕುತೂಹಲದ ನಡೆ, ?! ಅಂದರೆ ಸ್ವಲ್ಪ ಅನುಮಾನದ್ದು.

ಮೂರು ಕಡೆ ಜೋಪಾನ.

ಸಣ್ಣ ಬಿ ಮತ್ತು ದೊಡ್ಡ ಬಿ. ಸಣ್ಣಕ್ಷರವಾದರೆ ಬಿ ಸಾಲಿನ ಕಾಲಾಳು, ದೊಡ್ಡಕ್ಷರವಾದರೆ ಒಂಟೆ. ಇಲ್ಲಿ ಎಡವಿದರೆ ಮುಂದಿನ ಇಪ್ಪತ್ತು ನಡೆ ಅಯೋಮಯ.

ಹಳೆಯ ಪುಸ್ತಕದ ಬೇರೆ ಲಿಪಿ. ನಿಮ್ಮ ಪುಸ್ತಕದಲ್ಲಿ ‘ಪಿ-ಕೆ4’ ಎಂಬಂಥ ಬರಹ ಕಂಡರೆ ಅದು ಡಿಸ್ಕ್ರಿಪ್ಟಿವ್ ಪದ್ಧತಿ. ಇದರಲ್ಲಿ ಇಬ್ಬರೂ ತಂತಮ್ಮ ಕಡೆಯಿಂದ ಎಣಿಸುತ್ತಾರೆ. ಬಿಳಿಯವರ ಪಿ-ಕೆ4 ಅಂದರೆ ಇ4, ಕಪ್ಪಿನವರ ಪಿ-ಕೆ4 ಅಂದರೆ ಇ5. ಒಂದೇ ಬರಹ, ಎರಡು ಮನೆ! ಕಲಿಯಲಾಗದಷ್ಟು ಕಷ್ಟವಲ್ಲ, ಆದರೆ ಮೊದಲ ಪುಸ್ತಕಕ್ಕೆ ಬೇಡ. ಕೊಳ್ಳುವ ಮುಂಚೆ ಒಳಪುಟ ನೋಡಿ ‘ಆಲ್ಜಿಬ್ರೇಕ್’ (ಮೇಲೆ ಹೇಳಿದ ಇ4 ಥರದ ಲಿಪಿ) ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಿ.

ಅಜ್ಜ ಕಲಿಸಿದ ಆಟ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಆಡುವ ಆಟದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಹೋಗುತ್ತದೆ, ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಅದು ತಪ್ಪಲ್ಲ, ನಮ್ಮ ದೇಶದ ಹಳೆಯ ಪದ್ಧತಿ. ಪಂಜಾಬಿನ ಸುಲ್ತಾನ್ ಖಾನ್ ಮೊದಲು ಕಲಿತದ್ದೂ ಭಾರತದ ಪದ್ಧತಿಯನ್ನೇ. ಆಮೇಲೆ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಪುಸ್ತಕದಲ್ಲಿರುವುದು ಅಂತರರಾಷ್ಟ್ರೀಯ ನಿಯಮ. ಎರಡನ್ನೂ ಕಲಸಬೇಡಿ.

3. ಒಂದೇ ಒಂದು ಪುಸ್ತಕ ಆರಿಸಿ

ಒಂದೇ. ಮೂರು ತಂದರೆ ಮೂರರದ್ದೂ ಮೊದಲ ಅಧ್ಯಾಯ ಓದಿ ನಿಲ್ಲಿಸುತ್ತೀರಿ.

ಚಿಕ್ಕ ಮಕ್ಕಳಿಗೆ, ನೊಟೇಶನ್ ಎಂದರೆ ಹೆದರುವವರಿಗೆ: ‘ಬಾಬಿ ಫಿಶರ್ ಟೀಚಸ್ ಚೆಸ್’ (1966). ಒಂದು ಪುಟದಲ್ಲಿ ಪ್ರಶ್ನೆ, ಪುಟ ತಿರುವಿದರೆ ಉತ್ತರ. ಬಲಗಡೆಯ ಪುಟಗಳನ್ನಷ್ಟೇ ಓದುತ್ತ ಕೊನೆಗೆ ಹೋಗಿ, ಆಮೇಲೆ ಪುಸ್ತಕವನ್ನೇ ತಲೆಕೆಳಗು ಮಾಡಿ ಉಳಿದ ಪುಟ ಓದಬೇಕು. ಎಡಗಡೆಯ ಪುಟಗಳು ಉಲ್ಟಾ ಇವೆಯಲ್ಲ, ಪ್ರಿಂಟ್ ತಪ್ಪಾಗಿದೆ ಅಂತ ವಾಪಸ್ ಕಳಿಸಿದವರನ್ನು ನಾನು ಬಲ್ಲೆ. ತಪ್ಪಲ್ಲ, ಅದಿರುವುದೇ ಹಾಗೆ. ಪುಸ್ತಕದಲ್ಲಿ ಜಾಸ್ತಿ ಇರುವುದು ಕೊನೆಯ ಸಾಲಿನ ಮೇಟ್, ಅಂದರೆ ತನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಕೊಂಡ ರಾಜನನ್ನು ಆನೆಯೋ ಮಂತ್ರಿಯೋ ಮುಗಿಸುವುದು. ಅಷ್ಟೇ ಕಲಿತರೂ ಶಾಲೆಯ ಟೂರ್ನಮೆಂಟಿನಲ್ಲಿ ನಾಲ್ಕು ಆಟ ಗೆಲ್ಲಬಹುದು.

ಹೈಸ್ಕೂಲು, ಕಾಲೇಜಿನವರಿಗೆ ಮತ್ತು ನಲವತ್ತು ದಾಟಿ ಆಸೆ ಹುಟ್ಟಿದವರಿಗೆ: ಚೆರ್ನೆವ್ ಅವರ ‘ಲಾಜಿಕಲ್ ಚೆಸ್: ಮೂವ್ ಬೈ ಮೂವ್’ (1957). ಇದರಲ್ಲಿ 33 ಆಟಗಳಿವೆ, ಪ್ರತಿಯೊಂದು ನಡೆಗೂ ವಿವರಣೆ ಇದೆ. ಪ್ರತಿಯೊಂದಕ್ಕೂ ಅಂದರೆ ಪ್ರತಿಯೊಂದಕ್ಕೂ. ಇ4 ಯಾಕೆ ಆಡಿದರು ಎಂದು ಮೊದಲ ಆಟದಲ್ಲಿ ಹೇಳಿದ್ದನ್ನೇ ಎರಡನೆಯದರಲ್ಲೂ ಹೇಳುತ್ತಾರೆ. ‘ಹೇಳಿದ್ದನ್ನೇ ಹೇಳ್ತಾರೆ ಸರ್’ ಅಂತ ದೂರು ಬರುತ್ತದೆ. ಹೌದು, ಮಗ್ಗಿ ಬಾಯಿಪಾಠ ಮಾಡಿದ್ದೂ ಹಾಗೇ ಅಲ್ವಾ? ಇದರ ಹಳೆಯ ಮುದ್ರಣ ಡಿಸ್ಕ್ರಿಪ್ಟಿವ್, ಹೊಸದು ಆಲ್ಜಿಬ್ರೇಕ್. ನೋಡಿ ತಗೊಳ್ಳಿ.

ದುಡ್ಡು ಹಾಕಲು ಈಗಲೇ ಮನಸ್ಸಿಲ್ಲದವರಿಗೆ: 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಕಾಪಾಬ್ಲಾಂಕಾ ಬರೆದ ‘ಚೆಸ್ ಫಂಡಮೆಂಟಲ್ಸ್’ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಬರೀ ರಾಜ, ಆನೆ ಇಟ್ಟುಕೊಂಡು ಮೇಟ್ ಮಾಡುವುದರಿಂದ ಶುರು ಮಾಡುತ್ತಾರೆ. ತೊಡಕು ಅದೇ ಹಳೆಯ ಲಿಪಿಯದ್ದು, ಕುದುರೆಗೆ ಕೆಟಿ ಎಂದು ಬರೆದಿರುತ್ತದೆ.

ಯಾವುದು ಬೇಡ? ಓಪನಿಂಗ್ ಪುಸ್ತಕ ಬೇಡ. ಓಪನಿಂಗ್ ಅಂದರೆ ಆಟದ ಮೊದಲ ಹತ್ತು-ಹದಿನೈದು ನಡೆಗಳ ಸಿದ್ಧ ದಾರಿ. ಅಂಗಡಿಯಲ್ಲಿ ಜಾಸ್ತಿ ಕಾಣುವುದು ಇವೇ, ಮಕ್ಕಳು ಆಸೆ ಪಡುವುದೂ ಇವನ್ನೇ. ಎದುರಿನವನು ನಾಲ್ಕನೇ ನಡೆಗೇ ಪುಸ್ತಕದಲ್ಲಿಲ್ಲದ್ದು ಆಡಿಬಿಟ್ಟರೆ ನಿಮ್ಮ ಬಾಯಿಪಾಠ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಿಮ್‌ಜೊವಿಚ್ ಅವರ ‘ಮೈ ಸಿಸ್ಟಮ್’ ಕೂಡ ಈಗ ಬೇಡ. 1925ರಿಂದ ಬಂದ ದೊಡ್ಡ ಹೆಸರು ಅದಕ್ಕಿದೆ, ನಿಜ. ಎರಡು ವರ್ಷ ಆಡಿದ ಮೇಲೆ ಓದಿದರೆ ರುಚಿ ಗೊತ್ತಾಗುತ್ತದೆ.

ಕನ್ನಡದಲ್ಲಿ ಇಲ್ಲವಾ ಅಂತ ಕೇಳುತ್ತೀರಿ. ನನ್ನ ಕೈಗೆ ಸಿಕ್ಕವೆಲ್ಲ ನಿಯಮ ಹೇಳಿಕೊಡುವ ಮಟ್ಟದವು, ಅಷ್ಟಕ್ಕೆ ಚೆನ್ನಾಗಿವೆ. ಇಂಗ್ಲಿಷಿಗೆ ಅಂಜಬೇಡಿ. ಚೆಸ್ ಪುಸ್ತಕದ ಇಂಗ್ಲಿಷ್ ನಾಲ್ಕೈದು ಡಜನ್ ಪದಗಳಲ್ಲೇ ಸುತ್ತುತ್ತದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕನ್ನಡ ಅರ್ಥ ಬರೆದುಕೊಳ್ಳುತ್ತ ಹೋಗಿ. ಪಿನ್ ಅಂದರೆ ಹಿಂದೆ ದೊಡ್ಡ ಕಾಯಿ ಇರುವುದರಿಂದ ಮುಂದಿನದು ಅಲ್ಲಾಡಲಾಗದೆ ನಿಲ್ಲುವುದು. ಫೋರ್ಕ್ ಅಂದರೆ ಒಂದೇ ಕಾಯಿ ಎರಡಕ್ಕೆ ಒಟ್ಟಿಗೆ ಗುರಿ ಇಡುವುದು. ಸುಗ್ಸ್‌ವಾಂಗ್ ಅಂತ ಒಂದು ಜರ್ಮನ್ ಪದ ಸಿಗುತ್ತದೆ: ಸುಮ್ನೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ, ಸರದಿ ಬಂತಲ್ಲ, ಆಡಲೇಬೇಕು, ಆಡಿದರೆ ಕೆಟ್ಟೆ ಎಂಬ ಸ್ಥಿತಿ.

4. ಮದುವೆ ಕಾಗದ ಮುಚ್ಚಿ ಓದಿ

ಇಡೀ ಲೇಖನದಲ್ಲಿ ಇದೊಂದು ನೆನಪಿದ್ದರೂ ಸಾಕು. ಕಾಗದದಿಂದ ಮುಂದಿನ ನಡೆಗಳನ್ನು ಮುಚ್ಚಿ. ಗೆದ್ದವರ ಪರವಾಗಿ ಕೂತು, ‘ನಾನಾಗಿದ್ದರೆ ಏನು ಆಡುತ್ತಿದ್ದೆ’ ಎಂದು ಯೋಚಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಕಾಗದ ಒಂದು ಸಾಲು ಕೆಳಗೆ ಸರಿಸಿ. ತಾಳೆಯಾಗದಿದ್ದರೆ ಯಾಕೆ ಎಂದು ನೋಡಿ, ಆಮೇಲೆ ವಿವರಣೆ ಓದಿ. ಮೊದಲೇ ವಿವರಣೆ ಓದಿಬಿಟ್ಟರೆ ಎಲ್ಲವೂ ಗೊತ್ತಿದ್ದ ಹಾಗೇ ಅನಿಸುತ್ತದೆ.

ಒಂದು ಆಟ ಇಲ್ಲೇ ಮಾಡಿ ನೋಡೋಣ. 1858ರಲ್ಲಿ ಪ್ಯಾರಿಸಿನ ಒಪೆರಾ ನಾಟಕಶಾಲೆಯಲ್ಲಿ ಅಮೆರಿಕದ ಪಾಲ್ ಮಾರ್ಫಿ ಒಬ್ಬನೇ ಒಂದು ಕಡೆ, ಎದುರು ಒಬ್ಬ ಡ್ಯೂಕ್ ಮತ್ತು ಒಬ್ಬ ಕೌಂಟ್ ಸೇರಿಕೊಂಡು. ಮಾರ್ಫಿಯದು ಬಿಳಿ. ಅಕ್ಷರದ ಬದಲು ಕಾಯಿಯ ಹೆಸರನ್ನೇ ಬರೆಯುತ್ತೇನೆ. ಪ್ರತಿ ನಂಬರಿನಲ್ಲಿ ಮೊದಲನೆಯದು ಬಿಳಿಯವರ ನಡೆ, ಎರಡನೆಯದು ಕಪ್ಪಿನವರದು. ಬೋರ್ಡು ಹಾಕಿ.

1. ಇ4 ಇ5 2. ಕುದುರೆ ಎಫ್3 ಡಿ6 3. ಡಿ4 ಒಂಟೆ ಜಿ4 4. ಡಿ×ಇ5 ಒಂಟೆ×ಎಫ್3 5. ಮಂತ್ರಿ×ಎಫ್3 ಡಿ×ಇ5 6. ಒಂಟೆ ಸಿ4 ಕುದುರೆ ಎಫ್6 7. ಮಂತ್ರಿ ಬಿ3 ಮಂತ್ರಿ ಇ7

ಇಲ್ಲಿ ನಿಲ್ಲಿ. ಬಿಳಿಯವರ ಸರದಿ. ಬಿ7ರಲ್ಲಿ ಕಪ್ಪು ಕಾಲಾಳು ಪುಕ್ಕಟೆ ನಿಂತಿದೆ, ಮಂತ್ರಿ ಹೊಡೆಯಬಹುದು. ನಾವೆಲ್ಲ ಹೊಡೆಯುತ್ತೇವೆ. ಹೊಡೆದರೆ ಕಪ್ಪು ಮಂತ್ರಿ ಬಿ4ಕ್ಕೆ ಬಂದು ಚೆಕ್ ಕೊಡುತ್ತದೆ, ಎರಡು ಮಂತ್ರಿಗಳೂ ಬೋರ್ಡಿನಿಂದ ಹೋಗುತ್ತವೆ. ಒಂದು ಕಾಲಾಳು ಲಾಭ, ಆದರೆ ಆಟ ಉದ್ದವಾಗುತ್ತದೆ. ಈಗ ಕಪ್ಪಿನ ಕಡೆ ನೋಡಿ. ಮಂತ್ರಿ ಇ7ರಲ್ಲಿ ಕೂತು ತನ್ನದೇ ಒಂಟೆಗೆ ಬಾಗಿಲು ಹಾಕಿದೆ. ರಾಜ ನಡುವೆಯೇ ಇದ್ದಾನೆ. ಇಂಥ ಹೊತ್ತಿನಲ್ಲಿ ಮಂತ್ರಿ ಕೈಯಲ್ಲಿರಬೇಕು. ಮಾರ್ಫಿ ಕಾಲಾಳು ಬಿಟ್ಟು ಇನ್ನೊಂದು ಕುದುರೆ ಹೊರತಂದ.

8. ಕುದುರೆ ಸಿ3 ಸಿ6 9. ಒಂಟೆ ಜಿ5 ಬಿ5 10. ಕುದುರೆ×ಬಿ5 ಸಿ×ಬಿ5 11. ಒಂಟೆ×ಬಿ5+ ಬಿ-ಕುದುರೆ ಡಿ7 12. 0-0-0 ಆನೆ ಡಿ8 13. ಆನೆ×ಡಿ7 ಆನೆ×ಡಿ7 14. ಆನೆ ಡಿ1 ಮಂತ್ರಿ ಇ6 15. ಒಂಟೆ×ಡಿ7+ ಕುದುರೆ×ಡಿ7

ಹನ್ನೊಂದನೇ ನಡೆಯಲ್ಲಿ ಕುದುರೆಯ ಹಿಂದೆ ‘ಬಿ’ ಯಾಕೆ? ಡಿ7ಕ್ಕೆ ಎರಡೂ ಕುದುರೆ ಬರಬಹುದಿತ್ತು, ಬಂದದ್ದು ಬಿ ಸಾಲಿನದು ಎಂದು ತಿಳಿಸಲು. ಬಂದ ಆ ಕುದುರೆ ಪಿನ್ ಆಗಿ ನಿಂತಿತು, ಹಿಂದೆ ರಾಜ ಇದ್ದಾನೆ.

ಈಗ ಮತ್ತೆ ಮುಚ್ಚಿ. ಬಿಳಿಯವರ ಸರದಿ, ಎರಡು ನಡೆಯಲ್ಲಿ ಮೇಟ್ ಇದೆ. ಹತ್ತು ನಿಮಿಷ ಕೊಡಿ.

16. ಮಂತ್ರಿ ಬಿ8+ ಕುದುರೆ×ಬಿ8 17. ಆನೆ ಡಿ8#

ಮಂತ್ರಿಯನ್ನೇ ಕೊಟ್ಟುಬಿಟ್ಟ! ಕುದುರೆ ಅದನ್ನು ಹೊಡೆಯಲು ಹೋಗಿ ಡಿ ಸಾಲು ಬಿಟ್ಟಿತು, ಆನೆ ಒಳಗೆ ಬಂತು. ಕೊನೆಗೆ ಬಿಳಿಯವರಲ್ಲಿ ರಾಜ, ಕಾಲಾಳುಗಳನ್ನು ಬಿಟ್ಟರೆ ಒಂದು ಆನೆ, ಒಂದು ಒಂಟೆ. ಕಪ್ಪಿನವರ ಎಫ್8ರ ಒಂಟೆ, ಎಚ್8ರ ಆನೆ ಕೊನೆಯವರೆಗೂ ಕೂತ ಮನೆ ಬಿಟ್ಟು ಎದ್ದಿರಲಿಲ್ಲ. ಅವನ್ನು ಬೆರಳಿಟ್ಟು ಮಗುವಿಗೆ ತೋರಿಸಿ. ‘ಕಾಯಿ ಬೇಗ ಹೊರಗೆ ತೆಗೆ’ ಎಂದು ನೂರು ಸಲ ಹೇಳುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಇದೊಂದೇ ಆಟಕ್ಕೆ ಒಂದು ಗಂಟೆ ಹಿಡಿದರೆ ಸರಿಯಾಗಿ ಓದಿದಿರಿ. ಹತ್ತು ನಿಮಿಷಕ್ಕೆ ಮುಗಿದರೆ ಮತ್ತೆ ಹಾಕಿ.

5. ಕವಲು ದಾರಿಯಲ್ಲಿ ಕಳೆದುಹೋಗಬೇಡಿ

ಪುಸ್ತಕದಲ್ಲಿ ಆಡಿದ ನಡೆ ದಪ್ಪಕ್ಷರದಲ್ಲಿರುತ್ತದೆ. ‘ಹೀಗೆ ಆಡಿದ್ದರೆ ಹಾಗಾಗುತ್ತಿತ್ತು’ ಎಂಬ ಕವಲು ತೆಳು ಅಕ್ಷರದಲ್ಲಿ. ಕವಲಿಗೆ ವೇರಿಯೇಶನ್ ಅನ್ನುತ್ತಾರೆ. ಬೋರ್ಡಿನ ಮೇಲೆ ಕವಲು ಆಡುತ್ತ ಹೋಗಿ ವಾಪಸ್ ಬರುವಾಗ ಯಾವ ಕಾಯಿ ಎಲ್ಲಿತ್ತೋ ಮರೆತಿರುತ್ತದೆ. ಮನೆಯಲ್ಲಿ ಪುಟ್ಟ ಸೆಟ್ಟಿದ್ದರೆ ಕವಲನ್ನು ಅದರಲ್ಲಿ ಹಾಕಿ, ದೊಡ್ಡ ಬೋರ್ಡು ಅಲ್ಲಾಡದಿರಲಿ. ಇಲ್ಲದಿದ್ದರೆ ಮೊದಲ ಓದಿನಲ್ಲಿ ಕವಲು ಬಿಟ್ಟುಬಿಡಿ, ಪಾಪವೇನೂ ಬರುವುದಿಲ್ಲ.

ಕಂಪ್ಯೂಟರಿಗೆ ಹಾಕಿ ನೋಡುವುದು ಕೊನೆಗೆ. ಹಳೆಯ ಪುಸ್ತಕದ ‘!’ ನಡೆಯನ್ನು ಇವತ್ತಿನ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ತಪ್ಪೆಂದು ತೋರಿಸಿದರೆ ಹಿಗ್ಗಬೇಡಿ. ಕಂಡುಹಿಡಿದದ್ದು ನೀವಲ್ಲವಲ್ಲ.

6. ಎಲ್ಲಿ ಹುಡುಕುವುದು

ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ‘ಚೆಸ್ ಇದೆಯಾ’ ಎಂದು ಕೇಳಿದರೆ ಕ್ರೀಡೆಯ ಕಪಾಟು ತೋರಿಸಿ ಸುಮ್ಮನಾಗಬಹುದು. ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸಿದ ಕಡೆ ಚೆಸ್ಸಿನ ನಂಬರ್ 794.1, ಕ್ರಿಕೆಟ್ಟಿನಂಥ ಆಟಗಳದ್ದು 796. ಬೆನ್ನಿನ ಚೀಟಿ ನೋಡುತ್ತ ಸ್ವಲ್ಪ ಎಡಕ್ಕೆ ಹೋಗಿ.

ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟ್, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ. ಸೋವಿಯತ್ ಕಾಲದ ಚೆಸ್ ಪುಸ್ತಕ ಕಂಡರೆ ಬಿಡಬೇಡಿ.

ಆನ್‌ಲೈನಿನಲ್ಲಿ ಅರ್ಧ ಬೆಲೆ ಕಂಡರೆ ಅನುಮಾನಪಡಿ. ನಾನೇ ಒಮ್ಮೆ ಹಾಗೆ ತರಿಸಿದೆ. ಬಂದದ್ದು ಜೆರಾಕ್ಸಿನ ಜೆರಾಕ್ಸು. ಚಿತ್ರಗಳಲ್ಲಿ ಕಪ್ಪು ಮನೆ, ಕಪ್ಪು ಕಾಯಿ ಎರಡೂ ಸೇರಿ ಬರೀ ಮಸಿ. ಕಾದಂಬರಿಯಾದರೆ ಮಸುಕಾದರೂ ಓದಬಹುದು, ಚೆಸ್ ಪುಸ್ತಕದಲ್ಲಿ ಚಿತ್ರ ಕೆಟ್ಟರೆ ಪುಸ್ತಕವೇ ಇಲ್ಲ.

7. ಆಮೇಲೆ ಚರಿತ್ರೆ, ಕಥೆ

ಒಂದು ಪುಸ್ತಕ ಮುಗಿಸಿದವರಿಗೆ ಇದು ಬಹುಮಾನ. ಕನ್ನಡ ನಾಡಿನವರಿಗಂತೂ ಮನೆಯ ಹಿತ್ತಲಿನಲ್ಲೇ ಬೇಕಾದಷ್ಟಿದೆ.

ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅದಾಗಿ ಹತ್ತು ಹದಿನೈದು ವರ್ಷಕ್ಕೆ, ಹೊಯ್ಸಳರು ಯಾರ ಸಾಮಂತರಾಗಿದ್ದರೋ ಆ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಸಂಸ್ಕೃತದ ಆ ದೊಡ್ಡ ಗ್ರಂಥದಲ್ಲಿ ಅಡುಗೆ, ಆನೆ ಪಳಗಿಸುವುದು ಇವುಗಳ ಜೊತೆ ಚದುರಂಗದ ಮಾತೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ (1794–1868) ಬೋರ್ಡಿನ ಆಟಗಳೆಂದರೆ ಪ್ರಾಣ. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸುವ ಸಮಸ್ಯೆಗಳನ್ನು ಅವರೇ ಕಟ್ಟಿದ್ದಾರೆ. ಮಳೆಗಾಲದ ಒಂದು ಮಧ್ಯಾಹ್ನ ನೀವೂ ಪ್ರಯತ್ನಿಸಿ. ಮೂಲೆಯಿಂದ ಶುರು ಮಾಡಿ, ಮುಂದೆ ಹೋಗಲು ದಾರಿ ಕಡಿಮೆ ಇರುವ ಮನೆಗೆ ಮೊದಲು ಹೋಗುವುದು ಗುಟ್ಟು.

ಮರ್‍ರೆ ಅವರ ‘ಎ ಹಿಸ್ಟರಿ ಆಫ್ ಚೆಸ್’ (1913) ಸುಮಾರು 900 ಪುಟ. ಆಟ ಭಾರತದಲ್ಲಿ ಹುಟ್ಟಿ, ಪರ್ಶಿಯಾಕ್ಕೆ ಹೋಗಿ, ಅರಬರ ಕೈ ದಾಟಿ ಯುರೋಪು ಸೇರಿದ ದಾರಿ ಪೂರ್ತಿ ಇದೆ. ಹಸ್ತಪ್ರತಿ ಓದಲೆಂದೇ ಆ ಮನುಷ್ಯ ಅರೇಬಿಕ್ ಕಲಿತರು. ಮೊದಲಿನಿಂದ ಓದಲು ಕೂರಬೇಡಿ, ಬೇಕಾದ ಅಧ್ಯಾಯ ಮಾತ್ರ ತೆಗೆಯಿರಿ.

ಚರಿತ್ರೆ ಓದುವಾಗ ಹೆಸರನ್ನು ಕಣ್ಣು ಮುಚ್ಚಿ ನಂಬಬೇಡಿ. ರಾಜರ ಜೊತೆ ಆನೆ, ಕಾಲಾಳು ಮಾತ್ರ ಉಳಿದ ಕೊನೆಯಾಟದಲ್ಲಿ ‘ಲುಸೇನಾ ಸ್ಥಿತಿ’ ಎಂಬುದು ಎಲ್ಲ ಪಠ್ಯದಲ್ಲೂ ಬರುತ್ತದೆ. ಸ್ಪೇನಿನ ಲುಸೇನಾ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಆ ಸ್ಥಿತಿಯೇ ಇಲ್ಲ!

ಕಥೆ ಬೇಕೆಂದರೆ ಪ್ರೇಮಚಂದರ ‘ಶತರಂಜ್ ಕೇ ಖಿಲಾಡಿ’ (1924), ಸ್ಟೆಫಾನ್ ಝ್ವೈಗ್ ಅವರ ಚೆಸ್ ಕಥೆ (1942). ಎರಡನೆಯದರಲ್ಲಿ ಸೆರೆಯಲ್ಲಿರುವವನೊಬ್ಬ ಓದಲು ಏನಾದರೂ ಸಿಕ್ಕೀತೆಂದು ಕೋಟಿನ ಜೇಬಿನಿಂದ ಪುಸ್ತಕ ಕದಿಯುತ್ತಾನೆ. ನೋಡಿದರೆ 150 ಚೆಸ್ ಆಟಗಳ ಪುಸ್ತಕ. ಅವನಿಗಾಗುವ ನಿರಾಸೆ, ಆಮೇಲೆ ಚೌಕಳಿ ಹೊದಿಕೆಯನ್ನು ಬೋರ್ಡು ಮಾಡಿಕೊಂಡು ಬ್ರೆಡ್ಡಿನಲ್ಲಿ ಕಾಯಿ ಮಾಡಿಕೊಳ್ಳುವುದು ಓದಿದ ಮೇಲೆ ನಿಮ್ಮ ಪ್ಲಾಸ್ಟಿಕ್ ಬೋರ್ಡಿನ ಮೇಲೆ ಗೌರವ ಬರುತ್ತದೆ.

8. ಬೂಷ್ಟಿನಿಂದ ಕಾಪಾಡಿ

ಇದು ಮಲೆನಾಡಿನವರಿಗೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕವನ್ನು ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಒತ್ತೊತ್ತಾಗಿ ತುಂಬಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ನಾಲ್ಕು ಸಿಲಿಕಾ ಪೊಟ್ಟಣದ ಜೊತೆ ಇಟ್ಟರೆ ಸರಿ, ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುತ್ತವಲ್ಲ, ಅವೇ. ಇಡುವ ಮುಂಚೆ ಪುಸ್ತಕ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ತೇವವನ್ನೇ ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗೆ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ಬೇಡ. ಮನೆಯ ಹೊರಗೆ ಒಣ ಬ್ರಷ್ಷಿನಿಂದ ಉಜ್ಜಿ, ಪುಟ ಬಿಡಿಸಿ, ನೆರಳಿನ ಗಾಳಿಯಲ್ಲಿಡಿ. ನೇರ ಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್ ಬೋರ್ಡನ್ನೂ ತಿಂಗಳುಗಟ್ಟಲೆ ಸುರುಳಿ ಸುತ್ತಿಡಬೇಡಿ. ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಹಾಕಿಬಿಡಿ, ತೆಗೆದಾಗ ಅಂಚು ಮೇಲೇಳದೆ ಕಾಯಿ ನೆಟ್ಟಗೆ ನಿಲ್ಲುತ್ತವೆ.